ಎದುರಿಗೆ ಕೂತು ಕಲಿತದ್ದು

ಬೆಳಗಿನಿಂದ ಶಾರ್ಶೆನ್‌ನ ಕೈಯಲ್ಲಿದ್ದದ್ದು ಯಾರದೋ ಕೆಳದವಡೆ. ಯಾರದೆಂದು ಚೀಟಿಯ ಮೇಲೆ ಬರೆದಿತ್ತು, ಅವನು ಓದಿರಲಿಲ್ಲ. ದಂತವೈದ್ಯರು ರೋಗಿಯ ಬಾಯಿಂದ ತೆಗೆದ ಅಚ್ಚನ್ನು ಕಳಿಸುತ್ತಾರೆ. ಅವನು ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಉದುರಿಹೋದ ಹಲ್ಲುಗಳ ಜಾಗದಲ್ಲಿ ಹೊಸ ಹಲ್ಲು ಕೂರಿಸುತ್ತಾನೆ. ಅಚ್ಚಿನಲ್ಲಿ ಹಳ್ಳವಾಗಿದ್ದದ್ದು ಇಲ್ಲಿ ದಿಬ್ಬವಾಗುತ್ತದೆ, ಅಲ್ಲಿ ದಿಬ್ಬವಾಗಿದ್ದದ್ದು ಇಲ್ಲಿ ಹಳ್ಳ. ಹನ್ನೆರಡು ವರ್ಷದ ಕೆಲಸ. ಕೈ ತನ್ನಷ್ಟಕ್ಕೆ ಮಾಡುತ್ತಿರುತ್ತದೆ, ಅವನು ಬೇರೆಲ್ಲೋ ಇರುತ್ತಾನೆ. ಈಚೆಗೆ ಬೇರೆಲ್ಲಿಯೂ ಇರುತ್ತಿರಲಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬುರುಲ್ ಕೂತಿದ್ದಳು, ಹನ್ನೊಂದು ವರ್ಷದ ಹುಡುಗಿ, ಕೋಟಿನ ಒಂದು ಗುಂಡಿಯನ್ನೂ ಬಿಚ್ಚದೆ, ಇನ್ನೇನು ಬಸ್ಸು ಬಂದೇಬಿಡುತ್ತದೆ ಎಂಬ ಹಾಗೆ. ಏಳು ತಿಂಗಳಿಂದ ಅವಳು ಅವನ ಮನೆಯಲ್ಲಿಯೂ ಹೀಗೇ ಕೂತಿದ್ದಾಳೆ ಎಂದು ಅವನಿಗೆ ಅನಿಸಿತು. ಅನಿಸಿದ್ದು ಎದೆಯವರೆಗೆ ಇಳಿಯಲಿಲ್ಲ.

"ಇದು ಯಾರ ಹಲ್ಲು, ಬಾಯ್ಕೆ?"

"ಗೊತ್ತಿಲ್ಲ."

"ಅವರು ದಾರೀಲಿ ಸಿಕ್ಕಿ ನಕ್ಕರೆ, ನಿಂದೇ ಅಂತ ಗೊತ್ತಾಗುತ್ತಾ ನಿಂಗೆ?"

"ಇಲ್ಲ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಗೊತ್ತಾಗಬಹುದು," ಎಂದ. ಅಷ್ಟರಲ್ಲಿ ಅವಳು ಕಿಟಕಿಯ ಕಡೆ ತಿರುಗಿದ್ದಳು.

ಬಾಯ್ಕೆ ಎಂದರೆ ಅಣ್ಣ. ಅವಳು ಅವನ ಮಗಳು. ಅವನ ಹೆಂಡತಿ ಜಿಪಾರ್ ಹೆತ್ತ ಮೊದಲ ಮಗು. ಮೊದಲ ಮಗು ಅಜ್ಜ ಅಜ್ಜಿಯದು. ನಲವತ್ತು ದಿನ ತುಂಬಿದ ಮರುದಿನ ಅವನ ಅಮ್ಮ ಕೂಸನ್ನು ತೆಗೆದುಕೊಂಡು, ತನ್ನ ಬತ್ತಿದ ಎದೆಗೆ ಒಮ್ಮೆ ಒತ್ತಿಕೊಂಡು, ಇನ್ನು ಇದು ನನ್ನದು ಎಂದಿದ್ದಳು. ಅವನ ಅಪ್ಪ ಸಾತಾರ್ ದಾಖಲೆಯಲ್ಲಿ ತಂದೆಯ ಹೆಸರು ಎಂದಿರುವಲ್ಲಿ ತನ್ನ ಹೆಸರು ಬರೆಸಿದ್ದ. ಯಾರೂ ಅತ್ತಿರಲಿಲ್ಲ, ಅಳುವಂಥ ವಿಷಯವೇ ಅಲ್ಲ, ಊರಿನ ಅರ್ಧ ಮನೆಗಳಲ್ಲಿ ಹೀಗೇ. ಬೆಟ್ಟದ ಊರು ನಾರಿನ್‌ನಿಂದ ತಾವಿದ್ದ ಬಿಷ್ಕೆಕ್ ನಗರಕ್ಕೆ ಬರುವ ಆಲೂಗಡ್ಡೆ ಲಾರಿಯಲ್ಲಿ ಇಬ್ಬರೂ ವಾಪಸು ಹೊರಟಾಗ ಜಿಪಾರ್ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಕಣಿವೆಯ ತಿರುವು ದಾಟುವಷ್ಟರಲ್ಲಿ ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಅವನು ಕಿಟಕಿಯಿಂದಾಚೆ ನೋಡಿದ್ದ. ಲಾರಿಯವನೂ ನೋಡಿರಲಿಲ್ಲ, ಒಳ್ಳೆಯ ಮನುಷ್ಯ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಬೇಸಿಗೆಯಲ್ಲಿ ಊರಿಗೆ ಹೋದಾಗ ಹುಡುಗಿ ಅವನ ಮಡಿಲ ಕಡೆ ತೆವಳಿಕೊಂಡು ಬಂದರೆ ಅವನು ಎದ್ದು ಸೌದೆ ತರಲು ಹೋಗುತ್ತಿದ್ದ. ತಂದೆಯ ಎದುರು ತನ್ನ ಮಗುವನ್ನು ಎತ್ತಿಕೊಳ್ಳುವವನು ಮರ್ಯಾದೆ ಇಲ್ಲದವನು. ಎಷ್ಟು ಸೌದೆ ತಂದಿದ್ದನೋ, ಅಂಗಳದ ಗೋಡೆಯುದ್ದಕ್ಕೂ ಒಟ್ಟಿ ಎರಡು ಚಳಿಗಾಲ ಉರಿಸಿದರೂ ಮುಗಿಯುತ್ತಿರಲಿಲ್ಲ. ಹೋದ ಆಗಸ್ಟಿನಲ್ಲಿ ಸಾತಾರ್ ತೀರಿಕೊಂಡಾಗ ಗಂಡುಮಕ್ಕಳು ಡೇರೆಯ ಹೊರಗೆ ಕೋಲೂರಿ ನಿಂತು ಅಳಬೇಕಿತ್ತು, ಹೆಣ್ಣುಮಕ್ಕಳು ಒಳಗೆ ಗೋಡೆಗೆ ಮುಖ ಮಾಡಿ ಕೂತು. ಮಗಳೆಂದು ಒಳಗೆ ಕೂತಿದ್ದವಳು ಬುರುಲ್ ಒಬ್ಬಳೇ. ಬಂದ ನೆಂಟರೆಲ್ಲ ಅವನ ಹೆಗಲು ತಟ್ಟಿ, ಆಮೇಲೆ ಒಳಗೆ ಹೋಗಿ, ಅಪ್ಪನ್ನ ಕಳ್ಕೊಂಡ್ಯಲ್ಲೇ ಮಗಳೇ ಎಂದು ಹುಡುಗಿಯನ್ನು ತಬ್ಬಿದರು. ಅದು ಹೊರಗೆ ಕೋಲೂರಿ ನಿಂತವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕಂಬಳಿಯ ಗೋಡೆ ತಾನೇ.

ಚಳಿಗಾಲಕ್ಕೆ ಮಾತ್ರ ಎಂದು ಕರೆತಂದಿದ್ದರು. ಮುಂದಿನ ಶುಕ್ರವಾರ ನೋರೂಜ್, ಹೊಸ ವರ್ಷ. ಅಪಾ, ಅವನ ಅಮ್ಮ, ಫೋನಿನಲ್ಲಿ ಕೂಗಿಯೇ ಮಾತಾಡುತ್ತಿದ್ದಳು, ಫೋನು ಕಂಡುಹಿಡಿದಂದಿನಿಂದ ದೂರದವರೊಡನೆ ಹಾಗೆ ಮಾತಾಡಬೇಕೆಂದೇ ತಿಳಿದವಳಂತೆ: "ಹಬ್ಬಕ್ಕೆ ಕರ್ಕೊಂಡ್ ಬಾ! ಎಲ್ಲಿರ್ತೀನಿ ಅಂತ ಅವಳೇ ಹೇಳ್ಲಿ! ನಾನು ಒತ್ತಾಯ ಮಾಡಲ್ಲ, ನೀನೂ ಮಾಡ್ಬೇಡ!" ಅವನು ಏನು ಹೇಳಿದರೂ ಅವಳು ಅದನ್ನೇ ಮತ್ತೊಮ್ಮೆ ಕೂಗಿ ಫೋನು ಇಟ್ಟಿದ್ದಳು. ಜಿಪಾರ್ ಅಂದಿನಿಂದ ಏನೂ ಕೇಳಿಲ್ಲ, ಆದರೆ ಹುಡುಗಿಯ ಕೋಣೆಗೆ ಹೊಸ ಪರದೆ ಹೊಲಿದಳು. ಹುಡುಗಿ ಅವಳನ್ನು ಜೆಂಗೆ ಎನ್ನುತ್ತಾಳೆ, ಅತ್ತಿಗೆ ಎಂದು. ಥ್ಯಾಂಕ್ಸ್ ಜೆಂಗೆ, ಚೆನ್ನಾಗಿದೆ ಜೆಂಗೆ. ಏಳು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ವಸ್ತು, ಎಲೆಕ್ಟ್ರಿಕ್ ಗಿಟಾರ್. ಕೇಳಿದ ಮೇಲೆ ತನಗೇ ನಾಚಿಕೆಯಾದಂತೆ, ದುಬಾರಿ ಆದ್ರೆ ಬೇಡ ಎಂದಿದ್ದಳು. ಶಾಲೆಯಲ್ಲಿ ಹುಡುಗಿಯರ ವಾದ್ಯತಂಡವೊಂದು ಇದೆ ಎಂದು ಜಿಪಾರ್ ಹೇಳಿದಳು. ಹಾಗಾದರೆ ಇಲ್ಲಿ ಅವಳಿಗೆ ಬೇಕಾದದ್ದು ಏನೋ ಇದೆ. ಬುಧವಾರ ಕೆಲಸ ಮುಗಿಸಿ ಅವನೊಬ್ಬನೇ ಅಂಗಡಿಗೆ ಹೋಗಿ, ಇದ್ದುದರಲ್ಲಿ ಅಗ್ಗದ್ದೂ ನೋಡಲು ಚೆಂದದ್ದೂ ಆದ ಕೆಂಪು ಗಿಟಾರ್ ಆರಿಸಿ ಮುಂಗಡ ಕೊಟ್ಟುಬಂದಿದ್ದ. ಅಂದು ರಾತ್ರಿ ನಮಾಜಿನಲ್ಲಿ ಕೂತು ಏನನ್ನು ಬೇಡಬೇಕೆಂದು ತಿಳಿಯದೆ, ಕೊನೆಗೆ, ಗಿಟಾರ್ ಅವಳಿಗೆ ಇಷ್ಟವಾಗಲಿ ಎಂದು ಬೇಡಿದ್ದ. ಸೃಷ್ಟಿಕರ್ತನ ಮುಂದೆ ಅಷ್ಟು ಸಣ್ಣ ಬೇಡಿಕೆ. ದೊಡ್ಡದನ್ನು ಕೇಳಲು ಬಾಯಿ ಬರಲಿಲ್ಲ.

ದವಡೆಯನ್ನು ಪೆಟ್ಟಿಗೆಗೆ ಹಾಕಿ ಕೈ ತೊಳೆದ. ಹೊರಗೆ ಪಾಪ್ಲರ್ ಮರಗಳ ಬುಡದಲ್ಲಿ ಹಿಮ ಕಪ್ಪು ಕೆಸರಾಗಿತ್ತು. ಉಪವಾಸದ ತಿಂಗಳು, ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು, ಅದೂ ಪ್ಲಾಸ್ಟರಿನ ಹಾಗೆ ಮೆಲ್ಲಗೆ ಗಟ್ಟಿಯಾಗುತ್ತಿತ್ತು. ಹುಡುಗಿ ಅವನಿಗಿಂತ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದಳು, ಅಪ್ಪನೊಡನೆ ಸಂತೆಗೆ ಹೋಗುವಾಗ ಅವನು ನಡೆಯುತ್ತಿದ್ದ ಹಾಗೆ. ಅಪ್ಪನ ಮುಖ ನೆನಪಿಸಿಕೊಳ್ಳಲು ಹೋದರೆ ಅವನಿಗೆ ಮೊದಲು ಬರುವುದು ಅಪ್ಪನ ಕತ್ತಿನ ಹಿಂಭಾಗ, ಟೋಪಿಯ ಕೆಳಗಿನ ಎರಡು ಅಡ್ಡ ಗೆರೆ. ಸಾತಾರ್ ಮೂರು ತಂತಿಯ ಕೊಮುಜ್ ಮೀಟುತ್ತ ಹಾಡುಗತೆ ಹೇಳುವಾಗ ಊರವರು ಸುತ್ತ ಕೂರುತ್ತಿದ್ದರು, ಅವನಿಗೆ ಒಲೆಯ ಕೆಲಸ. ಒಲೆ ಅಪ್ಪನ ಬೆನ್ನ ಹಿಂದೆ ಇತ್ತು. ಬೆಂಕಿ ಆರದ ಹಾಗೆ ನೋಡಿಕೊಳ್ಳುತ್ತ ಸಾವಿರಾರು ಸಾಲು ಕೇಳಿದ್ದ, ಇವತ್ತಿಗೂ ಯಾವ ಸಾಲಿನ ಮುಂದೆ ಯಾವುದು ಬರುತ್ತದೆಂದು ಬಲ್ಲ, ಆದರೆ ಆ ಸಾಲುಗಳಿಗೆ ಮುಖವಿಲ್ಲ, ಕೈಯಿಲ್ಲ.

ಅಂಗಡಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ನಡೆಸುತ್ತಿದ್ದವಳು ರೈಸಾ ಎಂಬ ಟಾಟರ್ ಹೆಂಗಸು, ಅರವತ್ತು ದಾಟಿದವಳು, ಹಿಂದೆ ಕಾರ್ಖಾನೆಯ ವಾದ್ಯಮೇಳದಲ್ಲಿ ನುಡಿಸುತ್ತಿದ್ದವಳಂತೆ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ನೋಡಿದಳು.

"ಬಂದ್ಯಾ ತಮ್ಮಾ? ಬುಧವಾರ ಆ ಕೆಂಪು ಗಿಟಾರ್ ಮುಂದೆ ನಿಂತಿದ್ದು ನೋಡಿ, ಇವ್ನೇನು ಹೆಣ್ಣು ನೋಡೋಕೆ ಬಂದಿದ್ದಾನಾ ಅಂದ್ಕೊಂಡೆ. ಬೆವರ್ತಿದ್ದೆ. ಇವಳಿಗೇನಾ? ಮಗಳಾ?"

"ತಂಗಿ," ಎಂದ ಶಾರ್ಶೆನ್.

ಯೋಚಿಸಿ ಹೇಳಿದ್ದಲ್ಲ. ಹನ್ನೊಂದು ವರ್ಷ ಯಾರು ಕೇಳಿದರೂ ಹಾಗೇ ಹೇಳಿದ್ದ, ಏಕೆಂದರೆ ಎಲ್ಲೋ ಒಂದು ಮನೆಯಲ್ಲಿ ಒಬ್ಬ ಮುದುಕ ಕೂತಿದ್ದ, ಅವನ ಕಿವಿಗೆ ಬೇರೆ ಮಾತು ಬೀಳಬಾರದಿತ್ತು. ಈಗ ಆ ಮನೆಯಲ್ಲಿ ಆ ಮುದುಕನಿಲ್ಲ. ಏಳು ತಿಂಗಳಾಯಿತು. ಯಾರ ಮರ್ಯಾದೆ ಕಾಯಲು ಹೇಳಿದೆ? ಬುರುಲ್ ಗಿಟಾರುಗಳ ಬೆಲೆಯ ಚೀಟಿಗಳನ್ನು ಒಂದೊಂದಾಗಿ ಓದುತ್ತಿದ್ದಳು. ಬೆನ್ನು ಅವನ ಕಡೆಗಿತ್ತು. ಅವಳ ಕತ್ತಿನ ಹಿಂಭಾಗ ಅವನಿಗೆ ಕಾಣಿಸುತ್ತಿತ್ತು.

"ಹೌದೌದು, ತಂಗಿ," ಎಂದಳು ರೈಸಾ, ಇಬ್ಬರ ಹುಬ್ಬನ್ನೂ ನೋಡಿ. ಮೊದಲ ಮಗುವಿನ ಲೆಕ್ಕ ಅವಳಿಗೂ ಗೊತ್ತಿತ್ತೇನೋ. "ಬಾ ಮಗಾ. ಹೊಸಬರಿಗೆ ಇದು ಸರಿ. ಕತ್ತು ಸಣ್ಣ, ತಂತಿ ತಗ್ಗಿನಲ್ಲಿದೆ, ಬೆರಳು ಕುಯ್ಯಲ್ಲ. ಬಣ್ಣ ನೋಡಿ ಮರುಳಾಗ್ಬೇಡ, ಕತ್ತು ನೆಟ್ಟಗಿದೆಯಾ ಅಂತ ನೋಡು. ನನ್ನ ಗಂಡನ್ನ ನಾನು ಹಂಗೆ ನೋಡ್ಲಿಲ್ಲ, ಅನುಭವಿಸ್ದೆ."

ಬುರುಲ್ ನಗಲಿಲ್ಲ. ಆದರೆ ಕಣ್ಣಿನ ಮಟ್ಟಕ್ಕೆ ಎತ್ತಿ ಕತ್ತನ್ನು ಉದ್ದಕ್ಕೂ ನೋಡಿದಳು, ಮರ ಬಲ್ಲವರು ನೋಡುವ ಹಾಗೆ. ಸ್ಟೂಲಿನ ಮೇಲೆ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ಅದರ ಕತ್ತು ಅವಳ ಬಲಕ್ಕೆ ಬಂತು.

"ಉಲ್ಟಾ ಹಿಡ್ದಿದ್ದೀಯ ಕಣೇ," ಎಂದಳು ರೈಸಾ.

ಶಾರ್ಶೆನ್‌ನ ಕಿವಿ ಬಿಸಿಯಾಯಿತು. ಹಳ್ಳಿಯ ಹುಡುಗಿ, ಗಿಟಾರ್ ಹಿಡಿಯುವುದು ಹೇಗೆಂದೂ ತಿಳಿಯದೆ ಕೊಡಿಸು ಎಂದಳು ಎಂದು ಈ ಹೆಂಗಸು ಅಂದುಕೊಳ್ಳುತ್ತಾಳೆ. ಬಗ್ಗಿ ಹುಡುಗಿಯ ಮಣಿಕಟ್ಟು ಹಿಡಿದ. "ಹಾಗಲ್ಲ. ಈ ಕಡೆ." ತಾನೇ ತಿರುಗಿಸಿ ಇಟ್ಟ. ಮಣಿಕಟ್ಟು ತಣ್ಣಗಿತ್ತು, ಎಲುಬು ಕೋಳಿಮರಿಯದರಷ್ಟು ಸಣ್ಣದಿತ್ತು. ಏಳು ತಿಂಗಳಲ್ಲಿ ಅವಳ ಚರ್ಮ ತನ್ನ ಕೈಗೆ ತಾಗಿದ್ದು ಇದೇ ಮೊದಲು ಎಂದು ಅವನಿಗೆ ಹೊಳೆದದ್ದು ಕೈ ಹಿಂತೆಗೆದ ಮೇಲೆ. ಹುಡುಗಿ ಹೇಳಿದಂತೆ ಹಿಡಿದಳು. ಹಿರಿಯರು ತಿರುಗಿಸಿದರೆ ತಿರುಗಬೇಕು ಎಂದು ಕಲಿತವಳು. ಬೆರಳು ತಂತಿಯ ಮೇಲಿಟ್ಟಳು, ಮೀಟಿದಳು, ಮತ್ತೆ ಇಟ್ಟಳು. ಹೊರಟದ್ದು ತಗಡು ಬಿದ್ದ ಸದ್ದು. ಇನ್ನೊಮ್ಮೆ. ಅವಳ ಬೆರಳುಗಳು ಪರರ ಮನೆಗೆ ಬಂದ ಮಕ್ಕಳಂತೆ ಒಂದರ ಹಿಂದೊಂದು ನಿಂತುಬಿಟ್ಟಿದ್ದವು.

"ಎಡಗೈಯವಳಾ?" ರೈಸಾ ಕೇಳಿದಳು.

"ಇಲ್ಲ ಎಜೆ," ಎಂದ ಶಾರ್ಶೆನ್, ಹಿರಿಯಕ್ಕನನ್ನು ಕರೆಯುವಂತೆ, ಗೊತ್ತಿರುವ ಒಂದು ವಿಷಯವಾದರೂ ಸಿಕ್ಕಿತು ಎಂಬ ಸಮಾಧಾನದಲ್ಲಿ. "ಬರೆಯೋದು ಬಲಗೈಲಿ. ಊಟ ಬಲಗೈಲಿ. ನಾನು ದಿನಾ ನೋಡ್ತೀನಿ. ಸ್ವಲ್ಪ ದಿನ ಹೋದ್ರೆ ಕೈ ಕೂರುತ್ತೆ."

"ದಿನಾ ನೋಡೋನು ನೀನು ಸರಿ. ನೀನು ಹೇಳು ಮಗಾ."

ಬುರುಲ್ ಗಿಟಾರಿನ ಮೇಲೆ ಅಂಗೈ ಮುಚ್ಚಿ ಸದ್ದು ನಿಲ್ಲಿಸಿದಳು. ಅವನನ್ನು ಸುಳ್ಳುಗಾರನನ್ನಾಗಿ ಮಾಡದೆ ಹೇಳುವುದು ಹೇಗೆಂದು ಹುಡುಕುತ್ತಿದ್ದಳೆಂದು ಕಾಣುತ್ತದೆ. "ಬಾಯ್ಕೆ ಹೇಳಿದ್ದು ನಿಜ. ನಾನು ಬಲಗೈಯವಳೇ. ಇದೊಂದು ಮಾತ್ರ ಹೀಗೆ. ಅತಾನ ಎದುರಿಗೆ ಕೂತು ಕಲಿತದ್ದು, ಅದಕ್ಕೆ."

ಅತಾ ಎಂದರೆ ಅಪ್ಪ. ಅವಳು ಸಾತಾರ್‌ನನ್ನು ಕರೆಯುತ್ತಿದ್ದದ್ದು ಹಾಗೆ.

"ಅವರ ಬಲಗೈ ಈ ಕಡೆ ಇರ್ತಿತ್ತಲ್ಲ," ಎಂದಳು ಹುಡುಗಿ, ತನ್ನ ಎಡಗೈ ಎತ್ತಿ. "ನಾನೂ ಈ ಕಡೇದು ಎತ್ತಿದೆ. ಕೊಮುಜ್‌ಗೆ ಎಡ ಬಲ ಇಲ್ಲ, ಎರಡೂ ಕಡೆ ಒಂದೇ ಥರ. ಅಪಾ ಬೈದ್ರು, ಹುಡುಗಿ ತಪ್ಪು ಕಲೀತಿದೆ, ಪಕ್ಕಕ್ಕೆ ಕೂರಿಸ್ಕೊಳ್ಳಿ ಅಂತ. ಅತಾ ಬೇಡ ಅಂದ್ರು. ಪಕ್ಕಕ್ಕೆ ಕೂತ್ರೆ ಕೈ ನೋಡ್ತಾಳೆ, ಮುಖ ನೋಡೋದು ಬಿಡ್ತಾಳೆ ಅಂದ್ರು."

ರೈಸಾ ಕನ್ನಡಕ ಕೆಳಗಿಳಿಸಿ ಒಳಗೆ ಹೋದಳು. ಶಾರ್ಶೆನ್ ನಿಂತಿದ್ದ. ದಿನವೆಲ್ಲ ಅಚ್ಚು ಬಿಡಿಸುವವನು, ಒಂದರ ಎದುರು ಒತ್ತಿಕೊಂಡದ್ದು ತಿರುವುಮುರುವಾಗಿಯೇ ಬರುತ್ತದೆಂದು ಯಾರಿಗಿಂತ ಚೆನ್ನಾಗಿ ಬಲ್ಲವನು, ಇದನ್ನು ಕಾಣಲಿಲ್ಲ. ಅವನಿಗೆ ನೋವಾಗಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು, ಅದೂ ಎಲ್ಲಿಂದಲೋ ದೂರದಿಂದ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ. ಹನ್ನೊಂದು ವರ್ಷದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ಮುದುಕ ಅವಳಿಗೆ ಮುಖ ಕೊಟ್ಟಿದ್ದ. ಅದಕ್ಕಾಗಿ ಕೈ ತಪ್ಪಾದರೂ ಆಗಲಿ ಎಂದಿದ್ದ.

ರೈಸಾ ತಂದದ್ದು ಕಂದುಬಣ್ಣದ ಹಳೆಯ ಗಿಟಾರ್, ಅಂಚಿನಲ್ಲಿ ಬಣ್ಣ ಚಕ್ಕೆಯೆದ್ದಿತ್ತು. "ಎಡಗೈದು. ಸೈನ್ಯಕ್ಕೆ ಸೇರೋ ಮುಂಚೆ ಒಬ್ಬ ಮಾರಿ ಹೋದ. ಆರು ವರ್ಷದಿಂದ ಯಾರೂ ಕೇಳಿಲ್ಲ, ಒಳಗೆ ಸಿಂಕಿನ ಕೆಳಗಿತ್ತು. ನೋಡೋಕೆ ನನ್ನ ಥರ, ಆದ್ರೆ ಕತ್ತು ನೆಟ್ಟಗಿದೆ. ಕೆಂಪಿನದ್ದು ಹಿಂಗೇ ತಿರುಗಿಸಿ ನುಡಿಸ್ತೀನಿ ಅಂದ್ರೆ ಆಗಲ್ಲ ತಮ್ಮಾ, ಗುಂಡಿಗಳೆಲ್ಲ ಮೊಳಕೈಗೆ ಬರುತ್ತೆ. ನೀನು ಕೆಂಪಿಗೆ ಕೊಡೋದು ಇದಕ್ಕೂ ಸ್ಪೀಕರ್ ಪೆಟ್ಟಿಗೆಗೂ ಸೇರಿ ಸರಿಹೋಯ್ತು. ಬೇಡ ಅಂದ್ರೆ ಕೆಂಪು ತಗೊಂಡು ಹೋಗು, ಹುಡುಗಿ ಕೈ ಮುರಿದು ಹೊಸದಾಗಿ ಕೂರಿಸು. ಹಲ್ಲು ಕಟ್ಟೋನು ಅಂದ್ಯಲ್ಲ."

ವಯರು ಸಿಕ್ಕಿಸಿದರು. ಬುರುಲ್ ಆರು ತಂತಿಗಳಲ್ಲಿ ಮೂರನ್ನು ಮಾತ್ರ ಮುಟ್ಟಿ, ಬಿರಡೆ ತಿರುಗಿಸಿ, ಕಿವಿಯಿಟ್ಟು, ಮತ್ತೆ ತಿರುಗಿಸಿದಳು. ಮಧ್ಯದ ತಂತಿಯ ಸ್ವರ ಎಲ್ಲಕ್ಕಿಂತ ಮೇಲೆ ಹೋಯಿತು, ಕೊಮುಜ್‌ನಲ್ಲಿ ಇರುವ ಹಾಗೆ. "ಉಳಿದ ಮೂರು ಯಾರಿಗೆ ಬಿಟ್ಟೆ?" ಎಂದಳು ರೈಸಾ. "ಆಮೇಲೆ," ಎಂದಳು ಹುಡುಗಿ. ನುಡಿಸಿದಳು. ಕುದುರೆಯೊಂದು ಹಳ್ಳ ದಾಟುವುದಕ್ಕೆ ಹಿಂಜರಿಯುವ ಆ ತುಣುಕು ಅವನಿಗೆ ಗೊತ್ತಿತ್ತು, ಒಲೆಯ ಮುಂದೆ ನೂರು ಸಲ ಕೇಳಿದ್ದ. ಮರದಿಂದ ಬರುತ್ತಿದ್ದದ್ದು ಈಗ ಕಬ್ಬಿಣದಿಂದ ಬರುತ್ತಿತ್ತು, ಆದರೂ ಹಿಂಜರಿಯಬೇಕಾದಲ್ಲಿ ಹಿಂಜರಿಯಿತು.

ಅವಳು ನಿಲ್ಲಿಸಿ, "ಸದ್ದು ಇನ್ನೂ ಎಷ್ಟು ಜೋರಾಗುತ್ತೆ?" ಎಂದು ಕೇಳಿದಳು.

"ಪಕ್ಕದ ಮನೆಯವ್ರು ಪೊಲೀಸ್ ಕರೆಯೋವಷ್ಟು."

"ಕಿವಿ ಕೇಳದವರಿಗೂ ಕೇಳುತ್ತಾ?"

ತನ್ನನ್ನೇ ಚುಚ್ಚಿದಳೆಂದು ಶಾರ್ಶೆನ್‌ಗೆ ಒಂದು ಕ್ಷಣ ಅನಿಸಿತು. ರೈಸಾ ಗುಂಡಿ ತಿರುಗಿಸಿದಳು. ಬುರುಲ್ ಒಂದು ತಂತಿ ಮೀಟಿ, ಅದು ನಡುಗುತ್ತಿರುವಾಗಲೇ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು, ಕಣ್ಣು ಮುಚ್ಚಿದಳು.

"ಬರುತ್ತೆ," ಎಂದಳು. "ಅಪಾಗೆ ಈಗ ಕೊಮುಜ್ ಕೇಳಲ್ಲ. ಹೋದ ಚಳಿಗಾಲದಿಂದ. ಅತಾ ಹಾಡುವಾಗ ಅವರ ಬೆನ್ನ ಮೇಲೆ ಕೈ ಇಟ್ಕೊಂಡು ಕೂರ್ತಿದ್ರು, ಹಾಗೆ ಕೇಳಿಸ್ಕೊಳ್ತಿದ್ರು. ಈಗ ಅದೂ ಇಲ್ಲ. ಇದರ ಮೇಲೆ ಕೈ ಇಡಬಹುದು."

ಹೋದ ಬೇಸಿಗೆಯಲ್ಲಿ ಅವನು ಅದನ್ನು ನೋಡಿದ್ದ. ಅಮ್ಮ ಅಪ್ಪನ ಬೆನ್ನಿಗೆ ಅಂಗೈಯಿಟ್ಟು ಕೂತದ್ದು ಕಂಡು, ಈ ವಯಸ್ಸಿನಲ್ಲಿ ಇದೇನು ಎಂದು ನಾಚಿ ಹೊರಗೆ ಎದ್ದುಹೋಗಿದ್ದ. ಸೌದೆಗೆ. ಫೋನಿನಲ್ಲಿ ಅಮ್ಮ ಕೂಗುತ್ತಿದ್ದದ್ದು ದೂರಕ್ಕಲ್ಲ. ಅವನು ಹೇಳಿದ್ದೊಂದೂ ಅವಳಿಗೆ ಕೇಳುತ್ತಿರಲಿಲ್ಲ. ಶಾಲೆಯ ವಾದ್ಯತಂಡದ ಮಾತನ್ನು ಈ ಹುಡುಗಿ ಒಮ್ಮೆಯೂ ಆಡಿರಲಿಲ್ಲ, ಅದು ಅವನೂ ಜಿಪಾರಳೂ ಹೊಲಿದುಕೊಂಡದ್ದು, ಆ ಪರದೆಯ ಹಾಗೆ. ಎಲ್ಲಿರುತ್ತೀಯ ಎಂದು ಅವಳನ್ನು ಕೇಳುವ ದಿನ ಇನ್ನೂ ಆರು ದಿನ ದೂರವಿತ್ತು, ಉತ್ತರ ಈಗಲೇ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತಿತ್ತು. ಇವಳನ್ನು ಇಲ್ಲಿ ಉಳಿಸಲೆಂದು ಕೊಳ್ಳಲು ಬಂದ ವಸ್ತು ಇವಳನ್ನು ಹೊತ್ತುಕೊಂಡು ಹೋಗುವ ವಸ್ತುವಾಗಿತ್ತು. ಕೆಂಪಿನದೇ ಇರಲಿ ಎಂದುಬಿಡಬಹುದು. ಎಡಗೈದು ಬೇಡ, ಊರಿನಲ್ಲಿ ಕರೆಂಟು ಸರಿಯಿಲ್ಲ, ಮುಂದಿನ ವರ್ಷ ನೋಡೋಣ. ಹಿರಿಯರು ಹೇಳಿದರೆ ಅವಳು ಮರುಮಾತಾಡುವುದಿಲ್ಲ.  ಗೋಡೆಯ ಮೇಲಿನ ಕೆಂಪು ಗಿಟಾರನ್ನು ಒಮ್ಮೆ ನೋಡಿದ. ಅದು ತುಂಬ ಚೆಂದವಿತ್ತು.

"ಇದೇ ಇರ್ಲಿ ಎಜೆ," ಎಂದ.

ರೈಸಾ ಉದ್ದನೆಯ ಪುಸ್ತಕ ತೆಗೆದಳು. "ತಂತಿ ಹರಿದ್ರೆ ಒಂದ್ಸಲ ಬಿಟ್ಟಿ ಹಾಕ್ಕೊಡ್ತೀನಿ, ಹೆಸ್ರು ಬರ್ಕೋಬೇಕು. ಏನು ಹೆಸ್ರು?"

"ಬುರುಲ್."

"ಬುರುಲ್‌ಗಳು ನಾಲ್ಕು ಜನ ಇದ್ದಾರೆ ನನ್ನ ಪುಸ್ತಕದಲ್ಲಿ. ಯಾರ ಮಗಳು ಅಂತ ಬರೀಲಿ?"

ಹುಡುಗಿ ಗಿಟಾರಿನ ಚೀಲದ ಜಿಪ್ ಎಳೆಯುತ್ತಿದ್ದಳು. ಜಿಪ್ ಅರ್ಧಕ್ಕೆ ನಿಂತಿತು. ಸಿಕ್ಕಿಕೊಂಡದ್ದಲ್ಲ, ಅವಳ ಕೈ ನಿಂತದ್ದು. ಅವಳು ತಲೆ ಎತ್ತಲಿಲ್ಲ. ಶಾರ್ಶೆನ್‌ನ ಸ್ವಂತ ಹೆಸರು ಅವನ ಹಲ್ಲುಗಳ ಹಿಂದೆ ಬಂದು ನಿಂತಿತು, ಮೂರೇ ಅಕ್ಷರ, ಹೇಳಲು ಉಸಿರೂ ಬೇಕಿರಲಿಲ್ಲ. ಮುಖ ನೋಡಿ ಕಲಿಸಿದವನು, ಕೈ ತಪ್ಪಾದರೂ ಬಿಟ್ಟವನು ಒಬ್ಬನಿದ್ದ. ತಾನು ಈಗತಾನೇ ಅದೇ ಕೈಯನ್ನು ಹಿಡಿದು ತಿರುಗಿಸಿದ್ದ.

"ಸಾತಾರ್ ಮಗಳು," ಎಂದ.

ಜಿಪ್ ಮುಂದಕ್ಕೆ ಸರಿದು ಕೊನೆ ಮುಟ್ಟಿತು. ರೈಸಾ ಬರೆದುಕೊಂಡಳು, ಹರಸುವಾಗ ಮಾಡುವಂತೆ ಎರಡೂ ಅಂಗೈ ಮುಖಕ್ಕೆ ಸವರಿಕೊಂಡು, ಒಳ್ಳೇದಾಗ್ಲಿ ಮಗಾ, ಬೆರಳು ಸವೆಯೋವಷ್ಟು ನುಡಿಸು ಎಂದಳು. ಬಾಗಿಲಲ್ಲಿ ಅವನ ತೋಳು ತಟ್ಟಿ, "ಒಳ್ಳೇ ಅಣ್ಣ ಕಣಯ್ಯ ನೀನು," ಎಂದಳು. ಹಂಗಿಸಿದಳೋ ನಿಜಕ್ಕೂ ಅಂದಳೋ, ತಿಳಿಯಲಿಲ್ಲ. ಮೆಟ್ಟಿಲು ಹತ್ತುವಾಗ ಪೆಟ್ಟಿಗೆಯ ಭಾರ ಬೆರಳುಗಳಲ್ಲಿ ಇದೆ ಎಂದು ಅವನಿಗೆ ಗೊತ್ತಿತ್ತು, ಭಾರವೆನಿಸುತ್ತಿರಲಿಲ್ಲ.

ಮಿನಿಬಸ್ಸಿನಲ್ಲಿ ಜಾಗವಿದ್ದದ್ದು ಮುಂದೆ, ಚಾಲಕನ ಬೆನ್ನಿಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿದ ಒಂದು ಸೀಟು, ಅದರ ಎದುರು ಇನ್ನೊಂದು. ಗಿಟಾರಿನ ಚೀಲ ಇಬ್ಬರ ಮೊಣಕಾಲುಗಳ ನಡುವೆ ನಿಂತಿತು. ಜಿಪಾರ್ ಈಗ ಸಂಜೆಯ ಉಪವಾಸ ಬಿಡಲು ಖರ್ಜೂರ ತೊಳೆದಿಡುತ್ತಿರುತ್ತಾಳೆ. ಅವಳಿಗೆ ಏನು ಹೇಳುವುದು? ಸಿಕ್ಕಿತು ಎನ್ನುವುದು. ಹುಡುಗಿಗೆ ಇಷ್ಟವಾಯಿತು ಎನ್ನುವುದು. ಬೇಡಿದ್ದು ಅಷ್ಟನ್ನೇ, ಅಷ್ಟು ಕೈಗೂಡಿತ್ತು.

"ನಿಂಗೆ ನುಡಿಸೋಕೆ ಬರುತ್ತಾ ಬಾಯ್ಕೆ?"

"ಇಲ್ಲ."

"ಅತಾ ಕಲಿಸ್ಲಿಲ್ವಾ?"

"ನಾನು ಒಲೆ ನೋಡ್ಕೊಳ್ತಿದ್ದೆ."

 ಬಸ್ಸು ನಿಂತಿತು, ಇಬ್ಬರು ಇಳಿದರು, ಹೊರಟಿತು. "ಸುಲಭ," ಎಂದಳು. "ಆ ಕುದುರೆದು ಇದ್ಯಲ್ಲ, ಅದಕ್ಕೆ ಎರಡೇ ಬೆರಳು. ನನ್ನ ಕೈ ನೋಡು. ನಾನು ಹೇಗೆ ಮಾಡ್ತೀನೋ ಹಾಗೇ ಮಾಡು, ತಿರುಗಿಸೋಕೆ ಹೋಗ್ಬೇಡ."

ಗಾಳಿಯಲ್ಲಿ ಇಲ್ಲದ ಕತ್ತೊಂದನ್ನು ಬಲಗೈಯಲ್ಲಿ ಹಿಡಿದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ನೋಡುತ್ತಿದ್ದಳು. ಮೂವತ್ತನಾಲ್ಕು ವರ್ಷದ ಗಂಡಸಿಗೆ ನಾಚಿಕೆಯಾಯಿತು. ಆದರೂ ಅವಳ ಬಲಗೈಯ ಎದುರಿಗೆ ಅವನ ಎಡಗೈ ಎದ್ದಿತು, ಅವಳ ಎಡಗೈಯ ಎದುರಿಗೆ ಅವನ ಬಲಗೈ. ತೋರುಬೆರಳು ಮಡಿಸಿದಳು, ಮಡಿಸಿದ. ಉಂಗುರಬೆರಳು ಚಾಚಿದಳು, ಚಾಚಿದ. ಹುಡುಗಿ ಇನ್ನೇನನ್ನೋ ಹೇಳಿಕೊಡಲು ಬಾಯಿ ತೆರೆದವಳು ಹೇಳಲಿಲ್ಲ. ಅವನ ಕೈಗಳನ್ನೇ ನೋಡಿದಳು, ಆಮೇಲೆ ಅವನ ಮುಖ, ಮತ್ತೆ ಕೈ. ಅವಳ ಸ್ವಂತ ಕೈಗಳು ಮೆಲ್ಲಗೆ ಮಡಿಲಿಗೆ ಇಳಿದವು.

"ಅತಾ," ಎಂದಳು. ಕರೆದದ್ದಲ್ಲ. ಸ್ವಲ್ಪ ತಡೆದು, "ಅತಾ ಹೀಗೇ ಕೂರ್ತಿದ್ರು. ಅದೇ ಕೈ," ಎಂದಳು.

ಅವನು ಕೈ ಸಡಿಲಿಸಲು ಹೋದ.

"ಅಲ್ಲಾಡಿಸ್ಬೇಡ. ಹಾಗೇ ಇಟ್ಕೋ."

ಅವರು ಇಳಿಯಬೇಕಾದ ನಿಲ್ದಾಣ ಬಂತು. ಬಾಗಿಲು ತೆರೆಯಿತು, ಕೆಸರಿನ ಚಳಿ ಒಳಬಂತು, ಬಾಗಿಲು ಮುಚ್ಚಿತು. ಶಾರ್ಶೆನ್ ಏನನ್ನೂ ಹಿಡಿಯದ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೇ ಕೂತಿದ್ದ. ಎದುರಿಗೆ ಕೂತವಳು ಇನ್ನೂ ನೋಡುತ್ತಿದ್ದಳು.